ಬಾಂಬ್ ಬಿದ್ದ ಮೇಲೆ ಈ ಫಾರಂ ತುಂಬಿ

ಅಣುಬಾಂಬ್ ಬಿದ್ದು ನಿಮ್ಮ ಮನೆ, ಬೀದಿ, ಬಡಾವಣೆ ಎಲ್ಲ ಬೂದಿಯಾಗಿದೆ ಅಂದುಕೊಳ್ಳಿ. ನೀವು ಮಾತ್ರ ಹೇಗೋ ಬದುಕಿಕೊಂಡಿದ್ದೀರಿ. ಮೊದಲು ಏನು ಮಾಡಬೇಕು? ಅಮೆರಿಕದ ಅಂಚೆ ಇಲಾಖೆಯನ್ನು ಕೇಳಿದ್ದರೆ, ವಿಳಾಸ ಬದಲಾವಣೆ ಕಾರ್ಡ್ ತುಂಬಿ ಅನ್ನುತ್ತಿತ್ತು. ತಮಾಷೆಯಲ್ಲ. ಶೀತಲ ಸಮರದ ಕಾಲದಲ್ಲಿ ಇದಕ್ಕೆಂದೇ ಕಾರ್ಡುಗಳನ್ನು ಅಚ್ಚು ಹಾಕಿಸಿ ಇಟ್ಟಿದ್ದರು. ‘ನಾನು ಕ್ಷೇಮ’ ಅಂತ ನೆಂಟರಿಗೆ ತಿಳಿಸೋಕೆ ಇನ್ನೊಂದು ಕಾರ್ಡ್ ಬೇರೆ. ಎರಡು ಜೆರಾಕ್ಸ್ ಪ್ರತಿ ಕೇಳಿರಲಿಲ್ಲ, ಅದೊಂದು ಪುಣ್ಯ. 1982ರಲ್ಲಿ ಈ ಯೋಜನೆ ಸಂಸತ್ತಿನ ಸಮಿತಿಯೊಂದರ ಮುಂದೆ ಬಂದಾಗ, ಉಳಿದವರಿಗೆಲ್ಲ ಟಪಾಲು ತಲುಪಿಸುತ್ತೇವೆ ಅಂತ ಅಂಚೆ ಅಧಿಕಾರಿ ಗಂಭೀರವಾಗಿಯೇ ಹೇಳಿದರು. ತಲುಪಿಸೋ ಪೋಸ್ಟ್‌ಮ್ಯಾನ್ ಎಲ್ಲಿರುತ್ತಾನೆ ಅನ್ನೋದು ಬೇರೆ ವಿಷಯ.

ಇದೆಲ್ಲ ಶುರುವಾಗಿದ್ದು 1949ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬ್ ಸಿಡಿಸಿದ ಮೇಲೆ. ಅಲ್ಲಿಯವರೆಗೆ ಬಾಂಬ್ ಇದ್ದದ್ದು ಅಮೆರಿಕದ ಹತ್ತಿರ ಮಾತ್ರ. ಹಾಗಾಗಿ ಅದು ಶಾಂತಿಯ ಬಾಂಬ್ ಆಗಿತ್ತು. ಈಗ ಪಕ್ಕದವನ ಕೈಗೂ ಬಂತು ನೋಡಿ, ಭಯ ಶುರುವಾಯಿತು. ಶಾಲೆ ಮಕ್ಕಳಿಗೆ ಬರ್ಟ್ ಎಂಬ ಆಮೆಯ ಸಿನಿಮಾ ತೋರಿಸಿದರು. ಅಪಾಯ ಕಂಡರೆ ಆಮೆ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ, ನೀವು ಡೆಸ್ಕಿನ ಕೆಳಗೆ ಸೇರಿಕೊಳ್ಳಿ, ಕುತ್ತಿಗೆ ಮುಚ್ಚಿಕೊಳ್ಳಿ. ದೂರದಲ್ಲಿ ಬಿದ್ದರೆ ಗಾಜಿನ ಚೂರಿನಿಂದ ಬಚಾವಾಗಲು ಇದು ಕೆಲಸಕ್ಕೆ ಬರುತ್ತಿತ್ತು, ಇಲ್ಲ ಅನ್ನೋಕಾಗಲ್ಲ. ಹತ್ತಿರ ಬಿದ್ದರೆ ಏನು ಅಂತ ಆಮೆ ಹೇಳಲಿಲ್ಲ.

ದೊಡ್ಡವರಿಗೆ ಬೇರೆ ಚಿಂತೆಗಳಿದ್ದವು. ಉದಾಹರಣೆಗೆ, ಬಿಯರ್. 1955ರಲ್ಲಿ ನೆವಾಡ ಮರುಭೂಮಿಯ ಪರೀಕ್ಷೆಗಳಲ್ಲಿ ಬಿಯರ್ ಮತ್ತು ಸೋಡಾದ ಡಬ್ಬಿ, ಬಾಟಲಿಗಳನ್ನು ಸಾಲಾಗಿ ಇಟ್ಟು ಅಣುಬಾಂಬ್ ಸಿಡಿಸಿದರು. ಆಮೇಲೆ ವಿಜ್ಞಾನಿಗಳು ಹೋಗಿ ಅಳೆದರು, ರುಚಿಯನ್ನೂ ನೋಡಿಸಿದರು. ಕುಡಿಯಬಹುದು, ತೀರಾ ಹತ್ತಿರ ಇಟ್ಟಿದ್ದರ ರುಚಿ ಮಾತ್ರ ಸ್ವಲ್ಪ ಕೆಟ್ಟಿದೆ ಅಂತ ಸರ್ಕಾರಿ ವರದಿ ಬಂತು. ಅದೇ ಮರುಭೂಮಿಯಲ್ಲಿ ಮನೆಗಳನ್ನು ಕಟ್ಟಿ, ಹೊಸ ಬಟ್ಟೆ ತೊಡಿಸಿದ ಬಟ್ಟೆ ಅಂಗಡಿಯ ಬೊಂಬೆಗಳನ್ನು ಒಳಗೆ ಕೂರಿಸಿ ಮನೆ ಸಮೇತ ಉಡಾಯಿಸಿದ್ದೂ ಉಂಟು. ಬಂಡವಾಳಶಾಹಿ ಅಂದರೆ ಇದೇ ಇರಬೇಕು. ಪ್ರಳಯವಾದರೂ ಗಿರಾಕಿಗೆ ಮಾಲು ಸಿಗಬೇಕು.

ಅದೇ ವರ್ಷ ಜೂನ್ 15ರಂದು ದೇಶಾದ್ಯಂತ ಅಣುದಾಳಿಯ ಅಣಕು ಕವಾಯತು ನಡೆಯಿತು. ಸೈರನ್ ಕೂಗಿದ ತಕ್ಷಣ ನ್ಯೂಯಾರ್ಕಿನ ಜನ ಬಚ್ಚಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಅಪರಾಧ. ಯುದ್ಧವಿರೋಧಿ ಕ್ಯಾಥೊಲಿಕ್ ಕಾರ್ಯಕರ್ತೆ ಡೊರೊತಿ ಡೇ ಮತ್ತು ಅವರ ಜೊತೆಗಾರರು ಸಿಟಿ ಹಾಲ್ ಮುಂದಿನ ಪಾರ್ಕಿನಲ್ಲಿ ಸುಮ್ನೆ ಬೆಂಚಿನ ಮೇಲೆ ಕೂತರು. ಹೈಡ್ರೋಜನ್ ಬಾಂಬಿನಿಂದ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ, ಸುಳ್ಳು ನಾಟಕ ಯಾಕೆ ಅಂದರು. ಪೊಲೀಸರು ಹಿಡಿದುಕೊಂಡು ಹೋದರು. ನ್ಯಾಯಾಧೀಶರ ಸಿಟ್ಟು ನೋಡಬೇಕಿತ್ತು. ಆ ಕವಾಯತಿನ ಲೆಕ್ಕದಲ್ಲಿ ನಗರದ ಸುಮಾರು 30 ಲಕ್ಷ ಜನ ‘ಸತ್ತಿದ್ದರು’, ಆ ಸಾವಿಗೆ ಪಾರ್ಕಿನಲ್ಲಿ ಕೂತ ನೀವೇ ಕಾರಣ, ನೀವು ಕೊಲೆಗಾರರು ಅಂದುಬಿಟ್ಟರು! ಬಾಂಬ್ ಮಾಡಿದವರು ದೇಶಭಕ್ತರು, ಬೆಂಚಿನ ಮೇಲೆ ಕೂತವರು ಕೊಲೆಗಾರರು. ಕಾಗದದ ಮೇಲೆ ಸತ್ತವರಿಗೂ ನ್ಯಾಯ ಕೊಡಿಸಿದ ಕೋರ್ಟು ಇನ್ನೆಲ್ಲಾದರೂ ಇದೆಯಾ?

ಆ ಕಡೆ ಏನು ಕಮ್ಮಿಯಿರಲಿಲ್ಲ. ಸೋವಿಯತ್ ಶಾಲೆ, ಕಾರ್ಖಾನೆಗಳಲ್ಲಿ ನಾಗರಿಕ ರಕ್ಷಣೆಯ ಪಾಠ ಕಡ್ಡಾಯ. ಮಕ್ಕಳು ಗ್ಯಾಸ್ ಮಾಸ್ಕ್ ಹಾಕುವುದನ್ನೂ ಕಲಾಶ್ನಿಕೋವ್ ಬಂದೂಕು ಬಿಚ್ಚಿ ಜೋಡಿಸುವುದನ್ನೂ ಕಲಿಯಬೇಕು. 1961ರ ಅಕ್ಟೋಬರ್ 30ರಂದು 50 ಮೆಗಾಟನ್ನಿನ, ಅಂದರೆ ಐದು ಕೋಟಿ ಟನ್ ಟಿಎನ್‌ಟಿ ಸಿಡಿಮದ್ದಿನಷ್ಟು ಶಕ್ತಿಯ ಬಾಂಬ್ ಸಿಡಿಸಿದ್ದೂ ಅವರೇ. ಮೊದಲು 100 ಮೆಗಾಟನ್ ಮಾಡೋಣ ಅಂತಿದ್ದರು. ಆಮೇಲೆ ಯಾಕೋ ಸಂಕೋಚ ಆಯಿತು. ಆದರೆ ಅಲ್ಲಿನ ಜನಕ್ಕೆ ತಮ್ಮ ಸರ್ಕಾರದ ಅಂದಾಜು ಚೆನ್ನಾಗಿತ್ತು. ಅವರದೊಂದು ಹಳೇ ಜೋಕಿದೆ. ಅಣುದಾಳಿ ಆದರೆ ಏನು ಮಾಡಬೇಕು? ಬಿಳಿ ಬಟ್ಟೆ ಹೊದ್ದುಕೊಂಡು ಸ್ಮಶಾನದ ಕಡೆಗೆ ನಿಧಾನವಾಗಿ ತೆವಳಬೇಕು. ನಿಧಾನವಾಗಿ ಯಾಕೆ? ಜನಕ್ಕೆ ಗಾಬರಿ ಆಗಬಾರದಲ್ಲ!

ಇದರ ಮಜಾ ಇರುವುದು ಮುಂದೆ. ಸೋವಿಯತ್ ಪ್ರಜೆಗಳು ನಕ್ಕು ಬಿಸಾಕಿದ ಈ ನಾಗರಿಕ ರಕ್ಷಣೆಯನ್ನು ನಿಜ ಅಂತ ನಂಬಿದವರು ಅಮೆರಿಕದಲ್ಲಿದ್ದರು. ಅಧ್ಯಕ್ಷ ರೇಗನ್ ಸರ್ಕಾರದ ರಕ್ಷಣಾ ಇಲಾಖೆಯಲ್ಲಿ ಟಿ.ಕೆ. ಜೋನ್ಸ್ ಎಂಬ ಅಧಿಕಾರಿ. ರಷ್ಯನ್ನರು ಹೇಗೆ ಬದುಕಿಕೊಳ್ಳುತ್ತಾರೆ ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದವರು. ಪತ್ರಕರ್ತರೊಬ್ಬರಿಗೆ ಅವರು ಸುಲಭ ಉಪಾಯ ಹೇಳಿದರು. ಗುಂಡಿ ತೋಡಿ, ಒಂದೆರಡು ಬಾಗಿಲು ಮುಚ್ಚಿ, ಮೇಲೆ ಮೂರಡಿ ಮಣ್ಣು ಹಾಕಿ. ಸಾಕಷ್ಟು ಸಲಿಕೆ ಇದ್ದರೆ ಎಲ್ಲರೂ ಬದುಕುತ್ತಾರೆ. 1982ರಲ್ಲಿ ಇದು ಪತ್ರಿಕೆಯಲ್ಲಿ ಬಂದಾಗ ದೊಡ್ಡ ಗಲಾಟೆ ಆಯಿತು. ಒಬ್ಬರು ಸ್ಮಶಾನಕ್ಕೆ ತೆವಳಿ ಅಂದರು, ಇನ್ನೊಬ್ಬರು ನಿಮ್ಮ ಗುಂಡಿ ನೀವೇ ತೋಡಿಕೊಳ್ಳಿ ಅಂದರು. ಸಿದ್ಧಾಂತದ ವ್ಯತ್ಯಾಸ ಅಂದರೆ ಇಷ್ಟೇ.

ಜನಕ್ಕೆ ಸಲಿಕೆ ಸರಿ. ಸಂಸದರಿಗೆ? ಅವರಿಗೆ ಹೋಟೆಲ್. ವೆಸ್ಟ್ ವರ್ಜೀನಿಯಾದ ವೈಟ್ ಸಲ್ಫರ್ ಸ್ಪ್ರಿಂಗ್ಸ್‌ನಲ್ಲಿ ಗ್ರೀನ್‌ಬ್ರಯರ್ ಎಂಬ ಐಷಾರಾಮಿ ಹೋಟೆಲ್ಲಿದೆ. 1950ರ ದಶಕದ ಕೊನೆಯಲ್ಲಿ ಹೊಸ ವಿಭಾಗ ಕಟ್ಟುತ್ತೇವೆ ಅಂತ ಹೇಳಿ ಅದರ ಕೆಳಗೆ ಇಡೀ ಅಮೆರಿಕನ್ ಸಂಸತ್ತಿಗೆ ಬಂಕರ್ ಕಟ್ಟಿದರು. 25 ಟನ್ನಿನ ಬಾಗಿಲು. ಸಾವಿರಕ್ಕೂ ಜಾಸ್ತಿ ಜನಕ್ಕೆ ಎರಡಂತಸ್ತಿನ ಮಂಚ. ಎರಡೂ ಸದನಗಳಿಗೆ ಬೇರೆ ಬೇರೆ ಸಭಾಂಗಣ. ಜಗಳ ಆಡೋಕೆ ಜಾಗ ಬೇಕಲ್ವಾ? ಟಿವಿ ರಿಪೇರಿ ಮಾಡುವವರ ವೇಷದಲ್ಲಿ ಸರ್ಕಾರಿ ಸಿಬ್ಬಂದಿ 30 ವರ್ಷ ಇದನ್ನು ಕಾದರು. ಗುಟ್ಟು ಉಳಿಯಲಿ ಅಂತ ಹೋಟೆಲಿನ ಟಿವಿಗಳನ್ನೂ ನಿಜವಾಗಿ ರಿಪೇರಿ ಮಾಡಿಕೊಟ್ಟರು. ಇಡೀ ಶೀತಲ ಸಮರದಲ್ಲಿ ತೆರಿಗೆದಾರನಿಗೆ ಕಣ್ಣಿಗೆ ಕಾಣುವ ಲಾಭ ಆಗಿದ್ದು ಇದೊಂದೇ ಅನಿಸುತ್ತದೆ.

ಒಳಗೊಂದು ಟಿವಿ ಸ್ಟುಡಿಯೋ. ನಾಯಕರು ಉಳಿದ ಪ್ರಜೆಗಳನ್ನು ಉದ್ದೇಶಿಸಿ ಮಾತಾಡುವಾಗ ಬೆನ್ನ ಹಿಂದೆ ಸಂಸತ್ ಭವನದ ಚಿತ್ರವಿರುವ ಪರದೆ. ಅದರಲ್ಲಿ ಮರಗಳಿದ್ದವು. ಮರದ ಎಲೆಗಳನ್ನು ಋತುವಿಗೆ ತಕ್ಕಂತೆ ಬದಲಾಯಿಸಬಹುದಿತ್ತು! ವಾಷಿಂಗ್ಟನ್ ಬೂದಿಯಾಗಿದೆ, ಆದರೆ ಶರತ್ಕಾಲದಲ್ಲಿ ವಸಂತದ ಎಲೆ ತೋರಿಸಿದರೆ ಜನಕ್ಕೆ ಅನುಮಾನ ಬಂದೀತು ಅಂತ ಯಾವನೋ ಕೂತು ಯೋಚಿಸಿದ್ದಾನೆ. ಅವನಿಗೆ ಕೈ ಮುಗಿಯಬೇಕು.

ಒಂದೇ ತೊಡಕು. ವಾಷಿಂಗ್ಟನ್ನಿನಿಂದ ಹೋಟೆಲಿಗೆ ನಾಲ್ಕು ತಾಸಿನ ದಾರಿ. ಸೋವಿಯತ್ ಕ್ಷಿಪಣಿಗೆ ಅರ್ಧ ತಾಸು ಸಾಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಇಲ್ಲಿ ಬಾಗಿಲು ಹಾಕೋಕೂ ಯಾರೂ ಬಂದು ತಲುಪುತ್ತಿರಲಿಲ್ಲ. ಆದರೂ 1992ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಪೋಸ್ಟ್ ಗುಟ್ಟು ಬಯಲು ಮಾಡುವವರೆಗೂ ಬಂಕರ್ ತಯಾರಾಗಿಯೇ ಇತ್ತು. ಅಷ್ಟೊತ್ತಿಗೆ ಸೋವಿಯತ್ ಒಕ್ಕೂಟ ಕಣ್ಣು ಮುಚ್ಚಿ ಐದು ತಿಂಗಳಾಗಿತ್ತು.

ಈಗ ಅಲ್ಲಿ ಟಿಕೆಟ್ ತೆಗೆದುಕೊಂಡು ಒಳಗೆ ನೋಡಬಹುದು. ಮಾಸ್ಕೋದವರೂ ಹಿಂದೆ ಬಿದ್ದಿಲ್ಲ. ತಗಂಕಾ ಬಳಿ, ನೆಲದಿಂದ 65 ಮೀಟರ್ ಆಳದಲ್ಲಿ ಸ್ತಾಲಿನ್ ಕಾಲದಲ್ಲಿ ಶುರುವಾದ ಬಂಕರ್ ಒಂದಿದೆ. 2006ರಲ್ಲಿ ಅದನ್ನು ಹರಾಜು ಹಾಕಿದರು, ಖಾಸಗಿ ಕಂಪನಿ ಕೊಂಡುಕೊಂಡಿತು. ಈಗ ಮ್ಯೂಸಿಯಂ. ದುಡ್ಡು ಕೊಟ್ಟವರು ಅಲ್ಲಿ ಅಮೆರಿಕದ ಮೇಲೆ ಕ್ಷಿಪಣಿ ಹಾರಿಸುವ ಗುಂಡಿ ಒತ್ತುವ ಆಟ ಆಡಬಹುದು. ಹಸಿವಾದರೆ ಪಕ್ಕದಲ್ಲೇ ರೆಸ್ಟೋರೆಂಟ್ ಇದೆ.