ದುಡ್ಡು ನಿಮ್ಮದು, ಕಾರು ನಿಮ್ಮದು, ಸಂಶೋಧನೆ ನಮ್ಮದು

ರಾತ್ರಿ ಹನ್ನೊಂದಕ್ಕೆ ಅಕ್ಕನ ಮಗ ಫೋನ್ ಮಾಡಿದ. "ಮಾಮ, ಹದಿನೆಂಟು ಸಾವಿರ ಇದ್ಯಾ? ತುಂಬಾ ಅರ್ಜೆಂಟು."

ಆ ಹೊತ್ತಿನಲ್ಲಿ ಅರ್ಜೆಂಟು ಅಂದರೆ ಆಸ್ಪತ್ರೆಯೇ. ಎದೆ ಧಸಕ್ ಅಂತು. "ಯಾರಿಗೆ ಏನಾಯ್ತೋ?"

"ಯಾರಿಗೂ ಏನೂ ಆಗಿಲ್ಲ ಮಾಮ. ಡೌನ್‌ಪೈಪ್ ಸ್ಲಾಟ್ ಹನ್ನೆರಡಕ್ಕೆ ಕ್ಲೋಸ್ ಆಗುತ್ತೆ."

ಟೆರೇಸಿನ ಮಳೆನೀರು ಇಳಿಯುವ ಪೈಪು ಅಂದುಕೊಂಡು, ಪ್ಲಂಬರ್‌ಗೆ ಅಷ್ಟೊಂದು ಯಾಕೆ ಕೊಡ್ತೀಯ ಅಂತ ಕೇಳಿದೆ. ಆ ಕಡೆಯಿಂದ ಬಂದ ನಿಟ್ಟುಸಿರಿನಲ್ಲಿ ನನ್ನ ಇಡೀ ತಲೆಮಾರಿನ ಮೇಲಿನ ತಿರಸ್ಕಾರ ಇತ್ತು.

ಡೌನ್‌ಪೈಪ್ ಅಂದರೆ ಟರ್ಬೊದಿಂದ ಹೊಗೆ ಹೊರಗೆ ಹೋಗುವ ಕೊಳವೆಯಂತೆ. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನವಂತೆ. ನಮ್ಮ ಹುಡುಗನ ಹತ್ತಿರ ಸೆಕೆಂಡ್ ಹ್ಯಾಂಡ್ ಪೋಲೊ ಇದೆ. 2020ರ ಮಾಡೆಲ್, 999 ಸಿಸಿ, ಮೂರು ಸಿಲಿಂಡರ್, 110 ಕುದುರೆ ಶಕ್ತಿ, ಅಂದರೆ ಹಾರ್ಸ್ ಪವರ್. ಆ ಕುದುರೆಗಳು ಅವನಿಗೆ ಸಾಲದು. ಕಂಪನಿ ಕೊಟ್ಟ ಕೊಳವೆ ತೆಗೆದು ದಪ್ಪನೆಯದು ಹಾಕಿಸಬೇಕು. ಅದನ್ನು ಮಾಡುವವರು ಪೀಣ್ಯದ ಆಚೆ ಶೆಡ್ಡಿನಲ್ಲಿದ್ದಾರೆ. ಮಾಡುವವರು ಅಂದೆನಲ್ಲ, ತಪ್ಪು. ಮಾಡಲಿರುವವರು. ಪೈಪು ಇನ್ನೂ ಹುಟ್ಟಿಲ್ಲ. ಇಪ್ಪತ್ತು ಜನ ತಲಾ ₹18,000 ಮುಂಗಡ ಕೊಟ್ಟರೆ ಹುಟ್ಟುತ್ತದೆ. ಹುಟ್ಟಿದ ಮೇಲೆ ಬೆಲೆ ₹32,000. ಈಗ ದುಡ್ಡು ಕೊಟ್ಟವರಿಗೆ ₹4,000 ರಿಯಾಯಿತಿ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ನಗುತ್ತಿದ್ದೆವು. ಇಲ್ಲಿ ಹೆರಿಗೆ ಖರ್ಚೂ ನಮ್ಮದೇ.

ದುಡ್ಡು ಕೊಟ್ಟ ಕೂಡಲೇ ಅವನನ್ನು ವಾಟ್ಸಾಪ್ ಗುಂಪಿಗೆ ಸೇರಿಸಿದರು. ಗುಂಪಿನ ಹೆಸರಿನ ಕೊನೆಯಲ್ಲಿ 'ಫ್ಯಾಮಿಲಿ' ಅಂತಿದೆ. ಮೊದಲ ಸಂದೇಶ: 'ನೀವು ಬರೀ ಕಸ್ಟಮರ್ ಅಲ್ಲ, ನಮ್ಮ ಪಾಲುದಾರರು.' ನಾನು ಮುಗ್ಧವಾಗಿ ಕೇಳಿದೆ, "ಪಾಲು ಎಷ್ಟು ಪರ್ಸೆಂಟಂತೆ?"

"ಮಾಮ, ನೀವು ಎಲ್ಲದರಲ್ಲೂ ದುಡ್ಡೇ ನೋಡ್ತೀರ."

ಹದಿನೆಂಟು ಸಾವಿರ ಇಸಕೊಂಡವನ ಮಾತಿದು.

ಅಣ್ಣ ತಮ್ಮ ಹಸು ಪಾಲು ಮಾಡಿಕೊಂಡ ಕಥೆ ಅಜ್ಜಿ ಹೇಳುತ್ತಿದ್ದಳು. ಹಸುವಿನ ಮುಂದಿನ ಅರ್ಧ ತಮ್ಮನಿಗೆ, ಹಿಂದಿನ ಅರ್ಧ ಅಣ್ಣನಿಗೆ. ತಮ್ಮ ಹುಲ್ಲು ಹಾಕಿದ್ದೇ ಹಾಕಿದ್ದು, ಅಣ್ಣ ಹಾಲು ಕರೆದಿದ್ದೇ ಕರೆದಿದ್ದು. ಆ ಅಣ್ಣ ಈಗ ಇದ್ದಿದ್ದರೆ ತಮ್ಮನಿಗೆ 'ಡೆವಲಪ್‌ಮೆಂಟ್ ಪಾರ್ಟ್‌ನರ್' ಅಂತ ಬರೆದ ಟೀ ಶರ್ಟ್ ಕೊಡುತ್ತಿದ್ದ. ನಮ್ಮ ಹುಡುಗನಿಗೂ ಒಂದು ಬಂತು. ಎಕ್ಸ್ಎಲ್ ಕೇಳಿದ್ದ, ಎಂ ಬಂತು. ಪೈಪಿನ ಅಳತೆಯ ಬಗ್ಗೆ ನನಗೆ ಅವತ್ತೇ ಅನುಮಾನ ಬರಬೇಕಿತ್ತು.

ಈ ವಿದ್ಯೆ ಹೊಸದೇನಲ್ಲ. ಅಮೆರಿಕದಲ್ಲಿ 1940ರ ದಶಕದ ಕೊನೆಯಲ್ಲಿ ಪ್ರೆಸ್ಟನ್ ಟಕರ್ ಎಂಬಾತ ಹೊಸ ಬಗೆಯ ಕಾರು ಮಾಡಲು ಹೊರಟ. ದುಡ್ಡು ಸಾಲಲಿಲ್ಲ. ಕಾರು ತಯಾರಾಗುವ ಮೊದಲೇ ಅದರ ರೇಡಿಯೊ, ಸೀಟ್ ಕವರು, ಪೆಟ್ಟಿಗೆಗಳನ್ನು ಜನಕ್ಕೆ ಮಾರಿದ. ಮನೆಯಲ್ಲಿ ಸೀಟ್ ಕವರು ಇದೆ, ಸೀಟು ಇಲ್ಲ. ಸರ್ಕಾರ ಕೇಸು ಹಾಕಿತು. 1950ರಲ್ಲಿ ಆತ ನಿರ್ದೋಷಿ ಎಂದು ತೀರ್ಪಾಯಿತು. ಅಷ್ಟರಲ್ಲಿ ಕಂಪನಿ ಮುಳುಗಿತ್ತು. ಹುಟ್ಟಿದ ಕಾರು ಒಟ್ಟು 51. ನಂತರ ಬಂದವರು ಸೀಟ್ ಕವರಿನ ಗೊಡವೆಗೂ ಹೋಗಲಿಲ್ಲ. 2017ರ ನವೆಂಬರ್‌ನಲ್ಲಿ ಟೆಸ್ಲಾ ಹೊಸ ರೋಡ್‌ಸ್ಟರ್ ತೋರಿಸಿ, ಸಾಮಾನ್ಯರು 50,000 ಡಾಲರ್ ಮುಂಗಡ ಕೊಡಿ, ಭಕ್ತರು ಪೂರ್ತಿ 2,50,000 ಡಾಲರ್ ಕೊಡಿ, 2020ಕ್ಕೆ ಕಾರು ಅಂದಿತು. ಬೇಕಾದರೆ ರಾಕೆಟ್ ಥ್ರಸ್ಟರನ್ನೂ ಕೂರಿಸೋಣ ಅಂತ ಇಲಾನ್ ಮಸ್ಕ್ ಸೇರಿಸಿದರು. 2020 ಬಂತು, ಹೋಯಿತು. ವರ್ಷ ಮಾತ್ರ ರಾಕೆಟ್ ಥರ ಹೋಯಿತು.

ನಮ್ಮವರೂ ಮುಂಗಡ ಕೊಟ್ಟವರೇ. ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದರು. ಮಾರುತಿ 800ಕ್ಕೂ ದುಡ್ಡು ಕಟ್ಟಿ ಕಾದರು, 1983ರ ಡಿಸೆಂಬರ್ 14ರಂದು ಮೊದಲ ಕೀಲಿ ಕೈಗೆ ಬಂತು. ಆದರೆ ಅವರು ಕಾದಿದ್ದು ಜಪಾನಿನಲ್ಲಿ ಆಗಲೇ ಓಡುತ್ತಿದ್ದ ಗಾಡಿಗೆ. 'ಮುಂಗಡ ಕೊಟ್ಟಿದ್ದೀರಿ, ಹಾಗೇ ನಿಮ್ಮ ಮನೆ ಅಂಗಳದಲ್ಲಿ ಬ್ರೇಕು ಪರೀಕ್ಷೆ ಮಾಡ್ತೀವಿ' ಅಂತ ಯಾರೂ ಹೇಳಲಿಲ್ಲ.

ನಿಯತ್ತಾಗಿ ಒಂದು ಮಾತು ಹೇಳಬೇಕು. ಶೆಡ್ಡಿನವರ ಕಷ್ಟ ಸುಳ್ಳಲ್ಲ. ಪೈಪು ಬಗ್ಗಿಸಲು ಅಚ್ಚು ಬೇಕು, ವೆಲ್ಡಿಂಗ್‌ಗೆ ಹಿಡಿದಿಡಲು ಜಿಗ್ ಬೇಕು. ಒಂದೆರಡು ಪೀಸ್ ಮಾಡಿಕೊಡಿ ಅಂದರೆ ಪೀಣ್ಯದ ಸಿಎನ್‌ಸಿ ಅಂಗಡಿಯವರು ತಲೆ ಎತ್ತಿಯೂ ನೋಡುವುದಿಲ್ಲ. ಕೊಳ್ಳುವವರು ಊರಿಗೆ ನಾಲ್ಕು ಜನ. ಬ್ಯಾಂಕಿನವರು 'ಹೊಗೆ ಕೊಳವೆಗೆ ಸಾಲ' ಅಂದರೆ ಹೊಗೆ ಹಾಕಿಯೇ ಓಡಿಸುತ್ತಾರೆ. ಹಾಗಾಗಿ ಗಿರಾಕಿ ಹತ್ತಿರ ಕೇಳುತ್ತಾರೆ. ಕೇಳಲಿ. ಅಕ್ಕನ ಚೀಟಿಯಲ್ಲೂ ಇಪ್ಪತ್ತು ಜನ ದುಡ್ಡು ಹಾಕುತ್ತಾರೆ. ಆದರೆ ಅಲ್ಲಿ ತಿಂಗಳಿಗೊಬ್ಬರು ಚೀಟಿ ಎತ್ತುತ್ತಾರೆ, ಉಳಿದವರಿಗೆ ಕಮಿಷನ್ ಹಂಚಿಕೆ, ಮೇಲೆ ಚಕ್ಕುಲಿ, ಕಾಫಿ. ಇಲ್ಲಿ ಎತ್ತುವವರು ಒಬ್ಬರೇ. ಪೈಪು ಊರೆಲ್ಲ ಮಾರಾಟವಾದರೆ ಲಾಭ ಅವರದು. ಆಗದಿದ್ದರೆ ಅನುಭವ ನಮ್ಮದು.

ಇಷ್ಟಕ್ಕೇ ಮುಗಿಯಲಿಲ್ಲ. ಅಳತೆ ತಗೊಳ್ಳಲು ಒಂದು ಕಾರು ಬೇಕಂತೆ, ಮೂರು ದಿನ. ಗುಂಪಿನಲ್ಲಿ ಎಲ್ಲರೂ ಚಪ್ಪಾಳೆ ಇಮೋಜಿ ಹಾಕಿದರು. ಕಾರು ಕೊಟ್ಟವನು ನಮ್ಮವನೊಬ್ಬನೇ. ಮೂರು ದಿನ ಮೂರು ವಾರವಾಯಿತು. ಅವನು ಆಫೀಸಿಗೆ ಬಿಎಂಟಿಸಿ ಹತ್ತಿದ. ಕೊನೆಗೆ ಅಕ್ಕನ ಕಾಟ ತಾಳಲಾರದೆ ನಾನೇ ಶೆಡ್ಡಿಗೆ ಹೋದೆ.

ಕಾರು ಲಿಫ್ಟ್ ಮೇಲೆ ಮೂತಿ ಇಲ್ಲದೆ ನಿಂತಿತ್ತು. ಬಿಚ್ಚಿದ ಬಂಪರು ಮೂಲೆಯಲ್ಲಿ ಅಂಗಾತ ಬಿದ್ದಿತ್ತು. ಅದರೊಳಗೆ ಬೆಕ್ಕೊಂದು ಮೂರು ಮರಿ ಹಾಕಿತ್ತು. ಅಷ್ಟು ದಿನದಲ್ಲಿ ಅಲ್ಲಿ ಆಗಿದ್ದ ಡೆವಲಪ್‌ಮೆಂಟ್ ಅದೊಂದೇ.

ಓನರ್ ಒಳ್ಳೆಯ ಹುಡುಗ. ಕೂರಲು ಟೈರ್ ಕೊಟ್ಟ. "ಇದು ನಮಗೆ ಪ್ಯಾಶನ್ ಸರ್, ಬಿಸಿನೆಸ್ ಅಲ್ಲ."

"ಹಾಗಾದ್ರೆ ಅಡ್ವಾನ್ಸ್ ಯಾಕಪ್ಪ?"

"ಪ್ಯಾಶನ್‌ಗೂ ಖರ್ಚಿದೆ ಅಲ್ವಾ ಸರ್."

"ದುಡ್ಡಿಗೆ ಬಿಲ್ ಕೊಟ್ಟಿದ್ದೀಯಾ?"

"ಬಿಲ್ ಬೇಕಂದ್ರೆ ಜಿಎಸ್‌ಟಿ ಜಾಸ್ತಿ ಆಗುತ್ತೆ ಸರ್. ಫ್ಯಾಮಿಲಿ ಒಳಗೆ ಯಾಕೆ ಸುಮ್ನೆ?"

ಸರಕಿಗೆ ಅಂತ ಪಡೆದ ಮುಂಗಡವನ್ನು 365 ದಿನದೊಳಗೆ ಸರಕು ಕೊಟ್ಟು ತೀರಿಸದಿದ್ದರೆ ಅದು ಠೇವಣಿ ಎನಿಸಿಕೊಳ್ಳುತ್ತದೆ, 2014ರ ನಿಯಮ ಹಾಗನ್ನುತ್ತದೆ ಅಂತ ನಾನು ಸ್ವಲ್ಪ ಪಾಂಡಿತ್ಯ ತೋರಿಸಿದೆ. "ಅದು ಕಂಪನಿಗಳಿಗೆ ಸರ್, ನಮ್ಮದು ಶೆಡ್ಡು" ಅಂದ. ಕಾನೂನು ನನಗಿಂತ ಚೆನ್ನಾಗಿ ಗೊತ್ತಿತ್ತು.

ಇಷ್ಟೆಲ್ಲ ಮಾಡಿದರೆ ಎಷ್ಟು ಕುದುರೆ ಜಾಸ್ತಿ ಆಗುತ್ತೆ? ಎಂಟು, ಅಂದ. ಎಂಜಿನ್ ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಒಂದೇ ಕಾರನ್ನು ಬೆಳಗಿನ ತಂಪಿನಲ್ಲಿ ಒಮ್ಮೆ, ಮಧ್ಯಾಹ್ನದ ಬಿಸಿಲಲ್ಲಿ ಒಮ್ಮೆ ಓಡಿಸಿದರೆ ಎರಡು ಮೂರು ಕುದುರೆ ಸುಮ್ನೆ ಆಚೀಚೆ ಆಗುತ್ತವೆ. ನನ್ನ ಹತ್ತಿರ ಇದಕ್ಕಿಂತ ಅಗ್ಗದ ಉಪಾಯವಿದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ತೆಳು ಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ನು ನೂರಕ್ಕೆ ಎಂಟು ಹತ್ತು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ನನ್ನ ಹಳೇ ಆಲ್ಟೊದಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟಿದರೆ ನಾಲ್ಕು ಕುದುರೆ ಪುಕ್ಕಟೆ ವಾಪಸ್ಸು. ಮುಂಗಡ ಬೇಡ, ಟೀ ಶರ್ಟ್ ಬೇಡ.

"ಟರ್ಬೊಗೆ ಆ ಲೆಕ್ಕ ಬರಲ್ಲ ಮಾಮ" ಅಂದ ನಮ್ಮವನು. ಬರದಿದ್ದರೆ ಬಿಡು, ಬಂಗುಡೆ ಫ್ರೈ ಅಂತೂ ಬರುತ್ತೆ.

ಇನ್ನು ಈ ಕುದುರೆಗಳನ್ನು ಓಡಿಸುವುದು ಎಲ್ಲಿ? ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ ಲೆಕ್ಕದಲ್ಲಿ 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಾಗಿತ್ತು. ಅದೇ ವರ್ಷ ಇದೇ ಬೆಂಗಳೂರಿನ 10ಕೆ ಓಟದಲ್ಲಿ ಕೆನ್ಯಾದ ನಿಕೋಲಸ್ ಕಿಮೆಲಿ ಅಷ್ಟೇ ದೂರವನ್ನು 27 ನಿಮಿಷ 38 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಚಡ್ಡಿ, ಬನಿಯನ್ನು, ಶೂ. ಡೌನ್‌ಪೈಪ್ ಇರಲಿಲ್ಲ.

ಹದಿನಾಲ್ಕು ತಿಂಗಳಾದ ಮೇಲೆ ಪೈಪು ಬಂತು. ಹೊಳೆಯುತ್ತಿತ್ತು, ಸುಳ್ಳು ಹೇಳಬಾರದು. ಅಕ್ಕ ಅರಿಶಿನ ಕುಂಕುಮ ಇಟ್ಟಳು. ಕೂರಿಸಲು ಹೋದರೆ ಸೆನ್ಸರ್ ಹಾಕುವ ತೂತು ಅರ್ಧ ಇಂಚು ಪಕ್ಕಕ್ಕೆ. ಮೂರು ವಾರ ಅಳತೆ ತೆಗೆದದ್ದು ಯಾವುದರದ್ದು? ನನಗಂತೂ ಬೆಕ್ಕಿನ ಮರಿಗಳ ಮೇಲೇ ಅನುಮಾನ. ಗುಂಪಿನಲ್ಲಿ ಹೇಳಿದಾಗ ಓನರ್ ಖುಷಿಯಾದ. 'ಸೂಪರ್ ಫೀಡ್‌ಬ್ಯಾಕ್ ಬ್ರೋ. ವರ್ಷನ್ 2ರಲ್ಲಿ ಸರಿ ಮಾಡ್ತೀವಿ. ಹಳೇ ಪಾಲುದಾರರಿಗೆ ಬರೀ ₹6,000.' ಹುಡುಗ ಪೈಪನ್ನು ಮೈಸೂರು ರಸ್ತೆಯ ವೆಲ್ಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದ. ಅಲ್ಲಿನ ಮುದುಕ ಬಾಯಲ್ಲಿ ಬೀಡಿ ಇಟ್ಟುಕೊಂಡೇ ಹೊಸ ತೂತು ಕೊರೆದು, ಹಳೆಯದನ್ನು ಮುಚ್ಚಿ, ₹600 ಇಸಕೊಂಡ. ಕೆಲಸ ಮುಗಿದ ಮೇಲೆ. ಅವನಿಗೆ ಆರ್ ಅಂಡ್ ಡಿ ಗೊತ್ತಿಲ್ಲ, ಪಾಪ.

ಪೈಪು ಕೂತಿತು. ಕಾರಿಗೆ ಹೊಸ ಕೆಮ್ಮು ಬಂತು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿದ್ದು ಆರಲೇ ಇಲ್ಲ. ಕಾರಿನ ವಾರಂಟಿ ಹೋಯಿತು. ಪೈಪಿಗೆ ಮೊದಲೇ ಇರಲಿಲ್ಲ. ಕೊಳವೆ ದಪ್ಪವಾದ ಮೇಲೆ ಕಂಪನಿಯ ಸೈಲೆನ್ಸರ್ ಮರ್ಯಾದೆಗೆ ಕಡಿಮೆ ಅಂತ ಅದನ್ನೂ ಬದಲಾಯಿಸಿದ. ಎರಡನೇ ಭಾನುವಾರ ಹೆಬ್ಬಾಳದ ಹತ್ತಿರ ಪೊಲೀಸರು ಕೈ ಅಡ್ಡ ಹಾಕಿದರು. ಕಾರು ಕಾಣುವ ಮೊದಲೇ ಅವರಿಗೆ ಕೇಳಿಸಿತ್ತು.

ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ದಂಡ ₹5,000. ಒಟ್ಟಿಗಲ್ಲ, ಒಂದೊಂದು ಮಾರ್ಪಾಡಿಗೆ. ಅದೂ ಗಾಡಿಯ ಮಾಲೀಕನಿಗೆ. ಪಾಲುದಾರರ ವಿಚಾರ ಕಾಯ್ದೆಯಲ್ಲಿಲ್ಲ. ಪೊಲೀಸಪ್ಪ ಬಗ್ಗಿ ನೋಡಿ ಎಣಿಸಿದರು. ಪೈಪು ಒಂದು, ಸೈಲೆನ್ಸರು ಎರಡು.

ಅವತ್ತು ಸಂಜೆ ಹುಡುಗ ಫ್ಯಾಮಿಲಿ ಗುಂಪಿನಲ್ಲಿ ಚಲನ್ ಫೋಟೊ ಹಾಕಿ ಬರೆದ: 'ಬ್ರೋಸ್, ಹತ್ತು ಸಾವಿರ. ಇಪ್ಪತ್ತು ಜನ ಇದ್ದೀವಿ, ತಲಾ ಐನೂರು ಹಾಕಿದ್ರೆ ಮುಗೀತು.'

ಇಪ್ಪತ್ತು ನೀಲಿ ಟಿಕ್ಕು ಬಿದ್ದಿವೆ. ಮೂವರು ಗುಂಪು ಬಿಟ್ಟಿದ್ದಾರೆ. ಓನರ್ ಒಂದು ಕೈಮುಗಿಯುವ ಇಮೋಜಿ ಹಾಕಿ, ಅದರ ಕೆಳಗೆ ವರ್ಷನ್ 2ರ ಕ್ಯೂಆರ್ ಕೋಡ್ ಕಳಿಸಿದ್ದಾನೆ.