ಬೋಳು ಕೋಳಿಯ ಮೊಟ್ಟೆ, ನನ್ನ ತಲೆಗೆ

ಬೆಂಗಳೂರಿನಲ್ಲಿ ಕೂದಲು ಉದುರಿದರೆ ಮೊದಲು ಬೈಸಿಕೊಳ್ಳುವುದು ಬೋರ್‌ವೆಲ್ ನೀರು. ನಾನೂ ಮೂರು ವರ್ಷ ಅದನ್ನೇ ಬೈದೆ. ಕೊನೆಗೆ ಹೆಂಡತಿಯ ಒತ್ತಾಯಕ್ಕೆ ಒಂದು ಹೇರ್ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ನೆತ್ತಿಯ ಮೇಲೆ ಪುಟ್ಟ ಕ್ಯಾಮೆರಾ ಆಡಿಸಿ ಟೀವಿಯಲ್ಲಿ ತೋರಿಸಿದರು. ಮಳೆ ಕೈಕೊಟ್ಟ ವರ್ಷದ ರಾಗಿ ಹೊಲದ ಹಾಗಿತ್ತು. “ಸ್ಟ್ರೆಸ್ ಸಾರ್” ಅಂದರು. ಒಂದು ಹಾಳೆ ತುಂಬಾ ಔಷಧಿ ಬರೆದು, ಕೊನೆಗೆ “ದಿನಾ ಎರಡು ಮೊಟ್ಟೆ ತಿನ್ನಿ, ಒಳ್ಳೆ ಮೊಟ್ಟೆ” ಅಂದರು.

ಒಳ್ಳೆ ಮೊಟ್ಟೆ ಅಂದರೆ ಬಾಕ್ಸಿನಲ್ಲಿ ಬರುವುದು. ಆರಕ್ಕೆ 120 ರೂಪಾಯಿ. ಮುಚ್ಚಳದ ಮೇಲೆ ಹಸಿರು ಹುಲ್ಲು, ಹಿಂದೆ ಸೂರ್ಯ, ನಡುವೆ ಒಂದು ಕೋಳಿ. ಅದರ ಪುಕ್ಕ ನೋಡಬೇಕು ನೀವು! ಪಾರ್ಲರಿನಿಂದ ನೇರವಾಗಿ ರಿಸೆಪ್ಷನ್‌ಗೆ ಹೊರಟ ಹಾಗಿದೆ. ಕೆಳಗೆ “ನಮ್ಮ ಕೋಳಿಗಳು ಸಂತೋಷವಾಗಿವೆ” ಅಂತ ಬೇರೆ. ಕೋಳಿ ಕೇಳಿ ಮಸಾಲೆ ಅರೀತಾರಾ ಅನ್ನುತ್ತಿದ್ದರು ನಮ್ಮಜ್ಜಿ. ಪಾಪ, ಅವರ ಕಾಲದಲ್ಲಿ ಮಾರ್ಕೆಟಿಂಗ್ ಇರಲಿಲ್ಲ. ಈಗ ಕೇಳಿಯೇ ಅರೆಯುತ್ತಾರೆ. ಕೋಳಿಯ ಉತ್ತರವನ್ನೂ ಅವರೇ ಪ್ರಿಂಟ್ ಹಾಕಿಸುತ್ತಾರೆ.

ಹೊಸಕೋಟೆ ಆಚೆ ನಮ್ಮ ಸೋದರಮಾವನ ಲೇಯರ್ ಫಾರಂ ಇದೆ. ಮೊಟ್ಟೆ ತಿನ್ನುವುದೇ ಆದರೆ ಮಾವನ ಹತ್ತಿರವೇ ತರೋಣ ಅಂತ ಭಾನುವಾರ ಹೋದೆ. ಶೆಡ್ಡಿನೊಳಗೆ ಕಾಲಿಟ್ಟರೆ ಕಣ್ಣು ಉರಿಯುವಷ್ಟು ವಾಸನೆ. ಸಾಲುಸಾಲು ತಂತಿ ಪಂಜರ. ಮೊಟ್ಟೆ ತಾನೇ ಉರುಳಿ ಮುಂದೆ ಬರಲಿ ಅಂತ ನೆಲವೂ ತಂತಿಯದೇ, ಇಳಿಜಾರು ಬೇರೆ. ಒಂದು ಕೋಳಿ ಮೇವಿಗೆ ಕತ್ತು ಹೊರಗೆ ಚಾಚಿತು. ಕತ್ತಿನಲ್ಲಿ ಪುಕ್ಕವೇ ಇಲ್ಲ. ಕೆಂಪು ಚರ್ಮ. ಬೆನ್ನಿನ ಮೇಲೆ ಗರಿ ಹೋಗಿ ಬರೀ ಕಡ್ಡಿ ನಿಂತಿವೆ, ಸವೆದ ಪೊರಕೆಯ ಹಾಗೆ. ನನ್ನ ಕೈ ನೆತ್ತಿಗೆ ಹೋಯಿತು.

“ಮಾವ, ಇದಕ್ಕೂ ಬೋರ್‌ವೆಲ್ ನೀರಾ?”

“ತಂತಿಗೆ ಉಜ್ಜಿ ಉಜ್ಜಿ ಹೋಗ್ತದೆ ಕಣೋ. ಉಳಿದಿದ್ದನ್ನ ಪಕ್ಕದ್ದು ಕುಕ್ಕಿ ಕೀಳ್ತದೆ.”

“ಯಾಕೆ ಕುಕ್ಕುತ್ತೆ?”

“ಕೆದಕೋಕೆ ಮಣ್ಣಿಲ್ಲ ಅಲ್ವಾ. ಕೋಳಿ ಅಂದ್ಮೇಲೆ ಕೊಕ್ಕಿಗೆ ಏನಾದ್ರೂ ಕೆಲಸ ಬೇಕು.”

ಮಾವ ಯಾವ ಯೂನಿವರ್ಸಿಟಿಯಲ್ಲೂ ಓದಿಲ್ಲ. ಆದರೆ ಪಕ್ಷಿ ತಜ್ಞರು ಹೇಳುವುದೂ ಇದನ್ನೇ. ಕಾಡುಕೋಳಿ ಹಗಲಿನ ಬಹುಪಾಲು ನೆಲ ಕೆದಕುತ್ತಾ ಕುಕ್ಕುತ್ತಾ ಕಳೆಯುತ್ತದೆ. ಕೆದಕಲು ನೆಲವಿಲ್ಲದಿದ್ದರೆ ಆ ಚಟ ಪಕ್ಕದವಳ ಬೆನ್ನಿನ ಮೇಲೆ ತೀರುತ್ತದೆ. ಇದಕ್ಕೆ ಉದ್ಯಮ ಕಂಡುಕೊಂಡ ಪರಿಹಾರ ಮಣ್ಣು ಹಾಕುವುದಲ್ಲ. ಬಿಸಿ ಬ್ಲೇಡಿನಲ್ಲಿ ಕೊಕ್ಕಿನ ತುದಿ ಕತ್ತರಿಸುವುದು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಹಾರ್ನ್ ಜಾಸ್ತಿ ಆಯಿತು ಅಂತ ಎಲ್ಲರ ಹಾರ್ನ್ ವೈರ್ ಕತ್ತರಿಸಿದ ಹಾಗೆ. ಟ್ರಾಫಿಕ್ ಅಲ್ಲೇ ಇರುತ್ತೆ, ಸದ್ದು ಮಾತ್ರ ಇರಲ್ಲ.

“ಬೋಳಾದದ್ದು ಮೇವು ಬೇರೆ ಜಾಸ್ತಿ ತಿಂತದೆ” ಅಂತ ಮಾವ ಗೊಣಗಿದರು. ಅದೂ ನಿಜವೇ. ಪುಕ್ಕ ಅಂದರೆ ಕೋಳಿಯ ಸ್ವೆಟರ್. ಅದು ಹೋದರೆ ಮೈ ಬೆಚ್ಚಗಿಡಲು ತಿಂದೇ ತೀರಬೇಕು. ಜಾಗ ಉಳಿಸಿದ ದುಡ್ಡು ಮೇವಿನಲ್ಲಿ ಹೋಗುತ್ತದೆ.

ಜಾಗ ಅಂದೆನಲ್ಲ. ಒಂದು ಕೋಳಿಗೆ ಎಷ್ಟು ಅಂತ ಕೇಳಿದೆ. ಸುಮಾರು 450 ಚದರ ಸೆಂಟಿಮೀಟರ್. ನನಗೆ ಅಂದಾಜು ಸಿಗಲಿಲ್ಲ. ಜೇಬಿನಲ್ಲಿ ಡಾಕ್ಟರ ಚೀಟಿ ಇತ್ತು, ಎ4 ಹಾಳೆ. ಬಿಡಿಸಿ ಪಂಜರದ ಮೇಲಿಟ್ಟು ನೋಡಿದೆ. ಎ4 ಹಾಳೆ ಸುಮಾರು 624 ಚದರ ಸೆಂಟಿಮೀಟರ್. ನನ್ನ ಸ್ಟ್ರೆಸ್ ಬಗ್ಗೆ ಬರೆದ ಹಾಳೆ ಈ ಕೋಳಿಯ ಇಡೀ ಮನೆಗಿಂತ ದೊಡ್ಡದು. ರೆಕ್ಕೆ ಬಿಚ್ಚುವ ಮಾತೇ ಇಲ್ಲ. ನಮ್ಮ ಪೀಜಿ ಓನರುಗಳಿಗೆ ಈ ಲೆಕ್ಕ ಗೊತ್ತಾಗದಿರಲಿ.

ಮಾವನನ್ನು ಬೈಯಲು ನನಗೆ ಮನಸ್ಸಿಲ್ಲ. ಅವರ ಟ್ರೇ ಮೇಲೆ ಸೂರ್ಯ ಇಲ್ಲ, ಹುಲ್ಲೂ ಇಲ್ಲ. ಸುಳ್ಳು ಹೇಳುವ ಖರ್ಚು ಅವರು ಮಾಡಿಲ್ಲ.

ಕಾನೂನು ಇಲ್ಲವಾ ಅಂದರೆ, ಇದೆ. ಯುರೋಪಿನವರು ಇಂಥ ಬರಿ ತಂತಿಯ ಪಂಜರವನ್ನು 2012ರಲ್ಲೇ ನಿಲ್ಲಿಸಿದರು. ನಮ್ಮ ಕಾನೂನು ಆಯೋಗವೂ 2017ರಲ್ಲಿ ಇದರ ವಿರುದ್ಧ ವರದಿ ಕೊಟ್ಟಿತು, 269ನೇ ವರದಿ. ಮೊಟ್ಟೆಗೆ 21 ದಿನ ಕಾವು ಕೊಟ್ಟರೆ ಮರಿ ಬರುತ್ತದೆ. ವರದಿಗೆ ಎಷ್ಟು ವರ್ಷ ಬೇಕೋ, ಮಾವನ ಶೆಡ್ಡಿನಲ್ಲಂತೂ ಪಂಜರ ಅಲ್ಲೇ ಇದೆ. ಅದಕ್ಕೂ ಮೊದಲಿನದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಮೈ ಅಲ್ಲಾಡಿಸಲು ಜಾಗ ಇಲ್ಲದ ಪಂಜರದಲ್ಲಿ ಪ್ರಾಣಿ ಇಡುವುದು ಅಪರಾಧ ಅಂತ ಅದರಲ್ಲೇ ಸ್ಪಷ್ಟವಾಗಿದೆ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಐವತ್ತು ಕಟ್ಟಿದರೂ ನನ್ನ ಬಾಕ್ಸಿನ ಮೂರು ಮೊಟ್ಟೆ ಬರಲ್ಲ.

ಮಾರನೇ ದಿನ ಲಾಲ್‌ಬಾಗ್ ಬಂಡೆ ಹತ್ತಿರ ವಾಕಿಂಗ್‌ನಲ್ಲಿ ಒಂದು ಕಾಗೆಯ ಗರಿ ಸಿಕ್ಕಿತು. ಬಿಸಿಲಿಗೆ ಹಿಡಿದೆ. ಅಡ್ಡಡ್ಡಕ್ಕೆ ಎರಡು ತೆಳು ಗೆರೆ, ಉಗುರಿನಲ್ಲಿ ಗೀರಿದ ಹಾಗೆ, ಬೆಳಕು ಆಚೆ ಕಾಣುವಷ್ಟು ತೆಳು. ಗರಿ ಬೆಳೆಯುವಾಗ ಹಕ್ಕಿ ಹಸಿದರೆ, ಬೆದರಿದರೆ ಇಂಥ ಗೆರೆ ಬೀಳುತ್ತದೆ. ಸ್ಟ್ರೆಸ್ಸಿನ ಹಾರ್ಮೋನು ಕೂಡ ಬೆಳೆಯುವ ಗರಿಯೊಳಗೇ ಸೇರಿಕೊಳ್ಳುತ್ತದೆ, ಲ್ಯಾಬಿನಲ್ಲಿ ಅಳೆಯಬಹುದು. ಬೆಳೆದು ಮುಗಿದ ಗರಿ ಕೂದಲಿನ ಹಾಗೆ ನಿರ್ಜೀವ. ಅಲ್ಲಿ ಬಿದ್ದದ್ದನ್ನು ಅಳಿಸಲು ಆಗಲ್ಲ, ಗರಿ ಉದುರಿ ಹೊಸದು ಬರುವ ತನಕ ಹಕ್ಕಿ ಅದನ್ನು ಹೊತ್ತುಕೊಂಡೇ ಹಾರಬೇಕು. ಯಾವತ್ತೋ ಎರಡು ದಿನ ಈ ಕಾಗೆಗೆ ಊಟ ಸಿಕ್ಕಿರಲಿಲ್ಲವೋ ಏನೋ. ಬೆಂಗಳೂರಿನಲ್ಲಿ ಕಾಗೆಗೂ ಊಟ ಸಿಗದ ದಿನ ಅಂದರೆ ಪೌರಕಾರ್ಮಿಕರು ಸರಿಯಾಗಿ ಕಸ ಎತ್ತಿದ ದಿನವೇ ಇರಬೇಕು.

ಮನೆಗೆ ಬಂದರೆ ಹೆಂಡತಿ ಮಾವನ ಮೊಟ್ಟೆಗಳನ್ನು ಆ 120 ರೂಪಾಯಿಯ ಖಾಲಿ ಬಾಕ್ಸಿನಲ್ಲಿ ಜೋಡಿಸಿಟ್ಟಿದ್ದಳು. ಫ್ರಿಜ್ಜಿನಲ್ಲಿ ಟ್ರೇ ಹಿಡಿಯಲ್ಲವಂತೆ. ಸೂರ್ಯ, ಹುಲ್ಲು, ಸಂತೋಷ, ಎಲ್ಲಾ ಮಾವನ ಕೋಳಿಗೂ ಪುಕ್ಕಟೆ ಸಿಕ್ಕಿತು.

“ನೋಡಿ, ಇದಕ್ಕೆ ಪುಕ್ಕ ಅಂಟಿದೆ. ನಾಟಿನೇ ಇರ್ಬೇಕು” ಅಂದಳು.

ಚಿಟಿಕೆಯಷ್ಟು ಬಿಳಿ ಪುಕ್ಕ. ಮೆಲ್ಲಗೆ ಬಿಡಿಸಿಕೊಂಡು ಕಿಟಕಿ ಹತ್ತಿರ ಹೋಗಿ ಬೆಳಕಿಗೆ ಹಿಡಿದೆ.

“ರೀ, ಆಮೇಲೆ ನೋಡುವಿರಂತೆ. ಆಮ್ಲೆಟ್ ಆರ್ತಾ ಇದೆ.”