ಸೂರ್ಯ ಮುಳುಗದ ಊರಿನಲ್ಲಿ ಸಂಜೆಯ ಟಿಕೆಟ್ಟು

ಈಚಿನ ಭಾನುವಾರದ ಪುರವಣಿಯೊಂದು ತನ್ನ ಇಡೀ ಪುಟವನ್ನು 'ಕೂಲ್‌ಕೇಷನ್' ಎಂಬ ಹೊಸ ಪದಕ್ಕೆ ಬಿಟ್ಟುಕೊಟ್ಟಿದ್ದನ್ನು ನೀವೂ ನೋಡಿರುತ್ತೀರಿ. ಬಿಸಿಲಿಗೆ ಬೆಂದವರು ಉತ್ತರದ ತಂಪು ದೇಶಗಳಿಗೆ ಹೋಗಿ ರಜೆ ಕಳೆಯುವುದಕ್ಕೆ ಈ ಹೆಸರಂತೆ. ಪುಟದ ನಡುವೆ ಕನ್ನಡಿಯಂಥ ನೀರು, ಕಿತ್ತಳೆ ಬಣ್ಣದ ಆಕಾಶ, ಕಯಾಕ್ ಎಂಬ ಒಂದು ಕೆಂಪು ಕಿರುದೋಣಿ, ಅದರೊಳಗೆ ಕುಳಿತ ಯಾರದೋ ಬೆನ್ನು. ಇಂಥ ಜಾಹೀರಾತುಗಳಲ್ಲಿ ಮನುಷ್ಯರಿಗೆ ಬೆನ್ನು ಮಾತ್ರ ಇರುತ್ತದೆ, ಮುಖವಿರುವುದಿಲ್ಲ. ಏಕೆಂಬುದು ನನಗೆ ಆ ಕಯಾಕಿನಲ್ಲಿ ನಾಲ್ಕು ಗಂಟೆ ಕುಳಿತು ಎದ್ದ ಮೇಲೆ ತಿಳಿಯಿತು. ಕೆಳಗೆ ದಪ್ಪ ಅಕ್ಷರದಲ್ಲಿ 'ನಾರ್ಡಿಕ್ ಬೇಸಿಗೆಯ ಆಗಸದಡಿ, ಮಾರ್ಗದರ್ಶಕರೊಂದಿಗೆ ಸಂಜೆಯ ಕಯಾಕ್ ವಿಹಾರ' ಎಂದಿತ್ತು.

ಈ ವಿಷಯದಲ್ಲಿ ಮಾತನಾಡುವ ಹಕ್ಕನ್ನು ನಾನು ತಲೆಗೆ 1,500 ಕ್ರೋನರ್ ಕೊಟ್ಟು ಸಂಪಾದಿಸಿದ್ದೇನೆ. ನಮ್ಮ ಲೆಕ್ಕದಲ್ಲಿ ಅದು ಹನ್ನೆರಡು ಸಾವಿರ ರೂಪಾಯಿಗೂ ಮೇಲೆ. 2025ರ ಜೂನ್ ತಿಂಗಳಲ್ಲಿ, ಓಸ್ಲೋದಲ್ಲಿ ಕೆಲಸದಲ್ಲಿರುವ ನಮ್ಮ ಅಳಿಯಂದಿರು, ಮಾವ ಅತ್ತೆಯರು ಇಷ್ಟು ದೂರ ಬಂದು ಬರಿದೇ ಹಿಂದಿರುಗಬಾರದೆಂಬ ಒಳ್ಳೆಯ ಮನಸ್ಸಿನಿಂದ, ನಾರ್ವೆಯ ಉತ್ತರದ ಟ್ರೋಮ್ಸೊ ನಗರದಲ್ಲಿ ಇಂಥದೇ ಒಂದು ವಿಹಾರವನ್ನು ಕಾಯ್ದಿರಿಸಿದ್ದರು. ಹೊರಡುವ ಸಮಯ ರಾತ್ರಿ ಒಂಬತ್ತು, ಹಿಂದಿರುಗುವುದು ಒಂದು ಗಂಟೆಗೆ, ಹೆಸರು ಮಾತ್ರ ಸಂಜೆ.

ಆ ಸಂಜೆಯ ಬಗ್ಗೆಯೇ ನನ್ನ ಮೊದಲ ತಕರಾರು. ಟ್ರೋಮ್ಸೊ ಇರುವುದು ಸುಮಾರು 69.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆರ್ಕ್ಟಿಕ್ ವೃತ್ತದಿಂದ ಸಾಕಷ್ಟು ಒಳಗೆ. ಅಲ್ಲಿ ಮೇ 20ರ ಸುಮಾರಿಗೆ ಮೇಲೆದ್ದ ಸೂರ್ಯ ಜುಲೈ 22ರವರೆಗೆ ಮುಳುಗುವುದಿಲ್ಲ. ಮುಳುಗದ ಮೇಲೆ ಸಂಜೆ ಎಲ್ಲಿಂದ ಬಂತು? ಗೋಧೂಳಿಯಿಲ್ಲ, ಮುಸ್ಸಂಜೆಯಿಲ್ಲ, ದೀಪ ಹಚ್ಚುವ ಹೊತ್ತಿಲ್ಲ, ಕದ ತೆರೆದಿಡಿ ಲಕ್ಷ್ಮಿ ಬರುತ್ತಾಳೆ ಎನ್ನುವವರಿಲ್ಲ. ಇಲ್ಲದ ವಸ್ತುವಿಗೆ ಹೆಸರಿಟ್ಟು ಟಿಕೆಟ್ಟು ಹರಿಯುವ ಈ ಕಲೆಯನ್ನು ನಾವು ನಿವೇಶನ ಮಾರುವ ನಮ್ಮ ಮಹನೀಯರಲ್ಲಿ ಕಂಡಿದ್ದೆವು; ಅದು ಆರ್ಕ್ಟಿಕ್ ವೃತ್ತವನ್ನೂ ದಾಟಿದೆ ಎಂದು ತಿಳಿದು ಹೆಮ್ಮೆಯಾಯಿತು.

ನಾನು ಅಲ್ಲಿರುವ ಸುದ್ದಿ ತಿಳಿದು ಊರಿನಿಂದ ಫೋನು ಮಾಡಿದ ನಮ್ಮ ಭಾವನವರು, ಮೂರು ಹೊತ್ತೂ ಸಂಧ್ಯಾವಂದನೆ ತಪ್ಪಿಸದ ಕರ್ಮಠರು, ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಸಾಯಂಸಂಧ್ಯೆ ಎಷ್ಟು ಗಂಟೆಗೆ?" ಎಂಬುದು. "ಜುಲೈ ಕೊನೆಯ ವಾರದಲ್ಲಿ" ಎಂದೆ. ಅವರು ನಗಲಿಲ್ಲ, ಪಂಚಾಂಗ ತೆಗೆದರು. ನಮ್ಮ ಪಂಚಾಂಗದಲ್ಲಿ ವಾರವೆಂದರೆ ಸೂರ್ಯೋದಯದಿಂದ ಸೂರ್ಯೋದಯದವರೆಗೆ. ಆ ವರ್ಷದ ಮೇ 20 ಮಂಗಳವಾರ. ಹಾಗಾದರೆ ಟ್ರೋಮ್ಸೊದಲ್ಲಿ ಅರವತ್ತನಾಲ್ಕು ದಿನವೂ ಒಂದೇ ಮಂಗಳವಾರ. ಹಗಲನ್ನು ಎಂಟು ಪಾಲು ಮಾಡಿದರೆ ಒಂದು ಪಾಲು ರಾಹುಕಾಲ, ಮಂಗಳವಾರ ಅದು ಏಳನೆಯ ಪಾಲು. ಅರವತ್ತನಾಲ್ಕನ್ನು ಎಂಟರಿಂದ ಭಾಗಿಸಿ ಭಾವನವರು ತೀರ್ಪು ಕೊಟ್ಟರು: ಜುಲೈ 7ರಿಂದ 14ರವರೆಗೆ, ಎಂಟು ದಿನ ಬಿಡದಂತೆ ರಾಹುಕಾಲ. ಜೂನ್ ತಿಂಗಳಲ್ಲಿ ದೋಣಿ ಹತ್ತಲು ಅಡ್ಡಿಯಿಲ್ಲ, ಹೋಗಿಬನ್ನಿ. ಉತ್ತರಾಯಣ ದೇವತೆಗಳಿಗೆ ಒಂದು ಹಗಲು ಎಂದು ಪುರಾಣಗಳು ಹೇಳುತ್ತವೆ. ಆ ದೇವತೆಗಳು ರಾಹುಕಾಲವನ್ನು ಹೇಗೆ ಕಳೆಯುತ್ತಾರೆಂದು ಯಾರೂ ಹೇಳಿಲ್ಲ. ಬಹುಶಃ ಕಯಾಕ್ ಬಾಡಿಗೆಗೆ ಪಡೆಯುತ್ತಿರಬೇಕು.

ಒಂಬತ್ತು ಗಂಟೆಗೆ ನಮ್ಮನ್ನು ಒಂದು ಶೆಡ್ಡಿನೊಳಗೆ ಕರೆದೊಯ್ದು ಡ್ರೈಸೂಟ್ ಎಂಬ ಉಡುಪನ್ನು ಕೈಗಿತ್ತರು. ನೀರು ಒಳಗೆ ಬಾರದಂತೆ ಕುತ್ತಿಗೆಗೂ ಮಣಿಕಟ್ಟಿಗೂ ಬಿಗಿಯಾದ ರಬ್ಬರ್ ಪಟ್ಟಿಯಿರುವ ಈ ಇಡೀ ಮೈಚೀಲಕ್ಕೆ ತಲೆ ತೂರಿಸುವುದೆಂದರೆ ಇನ್ನೊಮ್ಮೆ ಹುಟ್ಟಿಬಂದಂತೆ, ಅದೂ ಅರವತ್ತಮೂರನೆಯ ವಯಸ್ಸಿನಲ್ಲಿ. ಕಿವಿಗಳು ರಬ್ಬರಿನೊಳಗೆ ಮಡಚಿಕೊಂಡವು, ಕನ್ನಡಕ ಎಲ್ಲಿಗೋ ಹೋಯಿತು, ಒಳಗೆ ನನಗಿಂತ ಮೊದಲು ಅದರಲ್ಲಿ ಬೆವರಿದ ಹತ್ತು ದೇಶಗಳ ಪ್ರವಾಸಿಗರ ವಾಸನೆ ಒಟ್ಟಿಗೆ ಸ್ವಾಗತಿಸಿತು. ಜಿಪ್ಪು ಬೆನ್ನಿನ ಮೇಲಿದ್ದುದರಿಂದ ಅದನ್ನು ಎಳೆಯಲು ಇನ್ನೊಬ್ಬರು ಬೇಕು. ಎಳೆದು ಮುಗಿಸಿದ ಮೇಲೆ ಮಾರ್ಗದರ್ಶಕನು, "ಶೌಚಾಲಯಕ್ಕೆ ಹೋಗಬೇಕಾದವರು ಈಗಲೇ ಹೋಗಿಬನ್ನಿ" ಎಂದು ನಗುನಗುತ್ತ ಸೂಚಿಸಿದನು. ಇದರ ಮೇಲೆ ಸೊಂಟಕ್ಕೆ ಸ್ಪ್ರೇ ಸ್ಕರ್ಟ್ ಎಂಬ ದಪ್ಪ ಲಂಗ. ಕುಳಿತ ಮೇಲೆ ಅದರ ಅಂಚನ್ನು ಕಯಾಕಿನ ಬಾಯಿಗೆ ಸುತ್ತ ಸಿಕ್ಕಿಸಬೇಕು, ಆಗ ದೋಣಿಯೂ ನೀವೂ ಒಂದೇ ಪ್ರಾಣಿ. ದೋಣಿ ಮಗುಚಿದರೆ ಮುಂದಿನ ಪಟ್ಟಿಯನ್ನು ಎಳೆದು ಹೊರಬರಬೇಕೆಂದು ಮೂರು ಸಲ ಹೇಳಿದರು. ಹತ್ತು ಡಿಗ್ರಿಯ ಆಸುಪಾಸಿನ ಆ ನೀರಿನಲ್ಲಿ ತಲೆಕೆಳಗಾಗಿ ತೂಗಾಡುವಾಗ ಪಟ್ಟಿಯ ನೆನಪು ಉಳಿದವರು ಪುಣ್ಯವಂತರು.

ಈ ದೋಣಿಯನ್ನು ಕಂಡುಹಿಡಿದವರು ಆರ್ಕ್ಟಿಕ್ ಸೀಮೆಯ ಮೂಲನಿವಾಸಿಗಳಾದ ಇನ್ಯೂಟ್ ಜನ. ಸೀಲ್ ಎಂಬ ಕಡಲಪ್ರಾಣಿಯ ಚರ್ಮ, ತೇಲಿಬಂದ ಮರ, ತಿಮಿಂಗಿಲದ ಮೂಳೆ, ಇಷ್ಟರಲ್ಲೇ ಒಬ್ಬ ಬೇಟೆಗಾರ ಸದ್ದಿಲ್ಲದೆ ಸೀಲಿನ ಹತ್ತಿರ ಸರಿಯಲೆಂದು ಅದನ್ನು ಕಟ್ಟಿದರು. ಬೇಟೆ ಸಿಕ್ಕದಿದ್ದರೆ ಮನೆಯಲ್ಲಿ ಊಟವಿಲ್ಲ, ಆದ್ದರಿಂದ ಆ ನಿಶ್ಶಬ್ದ. ನಮ್ಮ ವಿಹಾರದಲ್ಲಿಯೂ ನಿಶ್ಶಬ್ದವಿತ್ತು. ವೇಳಾಪಟ್ಟಿಯಲ್ಲಿ ಅದಕ್ಕೆ ಐದು ನಿಮಿಷ ಮೀಸಲಿತ್ತು, ಕಾಫಿಗೆ ಮುಂಚೆ. ಕ್ವಾಲೊಯ ದ್ವೀಪದ ಅಂಚಿನ ಒಂದು ಕೊಲ್ಲಿಗೆ ಬಂದಾಗ ಮಾರ್ಗದರ್ಶಕನು ಹುಟ್ಟನ್ನು ಅಡ್ಡಲಾಗಿ ಇಟ್ಟು, ಈಗ ಎಲ್ಲರೂ ಐದು ನಿಮಿಷ ಪ್ರಕೃತಿಗೆ ಕಿವಿಗೊಡಿ ಎಂದನು. ಇಬ್ಬಿಬ್ಬರು ಕುಳಿತ ಆರು ದೋಣಿಗಳಿಂದ ಹನ್ನೆರಡು ಮೊಬೈಲುಗಳು ಪ್ಲಾಸ್ಟಿಕ್ ಚೀಲದ ಸಮೇತ ಮೇಲೆದ್ದವು. ಮುಂದಿನ ಆಸನದಲ್ಲಿದ್ದ ನಮ್ಮಾಕೆ ಕತ್ತು ಹೊರಳಿಸದೆಯೇ, "ರೀ, ಇದಕ್ಕೂ ದುಡ್ಡು ತಗೊಂಡಿದ್ದಾರಾ?" ಎಂದಳು. ನಿಶ್ಶಬ್ದಕ್ಕೆ ಭಂಗ ತಂದ ತಪ್ಪಿಗೆ ಪಕ್ಕದ ದೋಣಿಯ ದಂಪತಿಗಳು ನಮ್ಮನ್ನು ದುರುಗುಟ್ಟಿ ನೋಡಿದರು. ಆಮೇಲೆ ಅವರು ಆ ದೃಶ್ಯವನ್ನು ಇನ್ನೊಮ್ಮೆ ಚಿತ್ರಿಸಿಕೊಂಡರು, ಮೊದಲನೆಯದರಲ್ಲಿ ಕನ್ನಡ ಸೇರಿಬಿಟ್ಟಿತ್ತು.

ಮಾರ್ಗದರ್ಶಕನನ್ನು ದೂರುವ ಮನಸ್ಸಿಲ್ಲ. ಬೇಸಿಗೆಯ ಮೂರು ತಿಂಗಳ ಕೆಲಸಕ್ಕೆಂದು ಸ್ಪೇನಿನಿಂದ ಬಂದ ಹುಡುಗ. ಊರಿನಲ್ಲಿ ಸೆಕೆ ತಡೆಯಲಾಗದೆ ಓಡಿಬಂದೆ ಎಂದು ಕಾಫಿ ಸುರಿಯುತ್ತ ಹೇಳಿದ. ಅಂದರೆ ನಾರ್ವೆಯ ಮೌನವನ್ನು ಕನ್ನಡಿಗರಿಗೆ ತೋರಿಸಲು ಸ್ಪೇನಿನವನು. ಊರಿನವರು ಎಲ್ಲಿ ಎಂದು ಕೇಳಿದ್ದಕ್ಕೆ, ಅವರೆಲ್ಲ ರಜೆಗೆಂದು ಸ್ಪೇನಿಗೆ ಹೋಗಿದ್ದಾರೆ ಎಂದ. ತಮಾಷೆಗೆ ಹೇಳಿದನೋ ನಿಜವೋ, ನಾನು ನಂಬಿದೆ.

ಆ ಕೊಲ್ಲಿಯಿಂದ ಪಶ್ಚಿಮಕ್ಕೆ ರಸ್ತೆಯಲ್ಲಿ ಹೋದರೆ ಸೊಮ್ಮರೊಯ್ ಸಿಗುತ್ತದೆ. ಮುನ್ನೂರು ಚಿಲ್ಲರೆ ಜನರ ಆ ದ್ವೀಪದ ಕಥೆಯನ್ನು 2019ರ ಜೂನ್‌ನಲ್ಲಿ ಪ್ರಪಂಚದ ಪತ್ರಿಕೆಗಳೆಲ್ಲ ಬಾಯಿ ಚಪ್ಪರಿಸಿ ಬರೆದಿದ್ದವು. ಸೂರ್ಯ ಮುಳುಗದ ನಮ್ಮ ಊರಿಗೆ ಗಡಿಯಾರದ ಹಂಗು ಬೇಡ, ನಮ್ಮದನ್ನು ಕಾಲಮುಕ್ತ ವಲಯವೆಂದು ಘೋಷಿಸಿ ಎಂದು ದ್ವೀಪದವರು ಸಂಸತ್ ಸದಸ್ಯರೊಬ್ಬರಿಗೆ ಮನವಿ ಕೊಟ್ಟರಂತೆ, ಸೇತುವೆಯ ಕಂಬಿಗೆ ಕೈಗಡಿಯಾರಗಳನ್ನು ಕಟ್ಟಿಹೋದರಂತೆ. ಕೆಲವೇ ದಿನಗಳಲ್ಲಿ, ಇದು ಉದ್ಯಮಗಳನ್ನೂ ಪ್ರವಾಸೋದ್ಯಮವನ್ನೂ ಬೆಳೆಸುವ ಸರ್ಕಾರಿ ಒಡೆತನದ ಸಂಸ್ಥೆಯಾದ ಇನ್ನೊವೇಷನ್ ನಾರ್ವೆ ಹೂಡಿದ ಪ್ರಚಾರದ ಆಟವೆಂದು ಅಲ್ಲಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ಬಯಲು ಮಾಡಿತು. ಇನ್ನೊವೇಷನ್ ನಾರ್ವೆ ಕ್ಷಮೆ ಕೇಳಿತು. ಕ್ಷಮೆ ಕೇಳುವ ಹೊತ್ತಿಗೆ ಜಾಹೀರಾತು ಲೋಕವನ್ನೆಲ್ಲ ಸುತ್ತಿ ಬಂದಿತ್ತು. ನಮ್ಮ ಕಡೆ ಸರ್ಕಾರಗಳು ಸುಳ್ಳು ಹೇಳಿ ಕ್ಷಮೆ ಕೇಳುವುದಿಲ್ಲ, ಆ ದೃಷ್ಟಿಯಿಂದ ನಾರ್ವೆ ಮುಂದುವರಿದ ದೇಶವೇ ಸರಿ. ಕಾಲದ ಹಂಗಿಲ್ಲ ಎಂದವರ ಸೇತುವೆಯ ಮೇಲೆ ಬಸ್ಸು ವೇಳಾಪಟ್ಟಿಯ ಪ್ರಕಾರವೇ ಓಡಾಡುತ್ತದೆ, ಮತ್ತು ನಮ್ಮ ಕಾಲಾತೀತ ವಿಹಾರಕ್ಕೆ ಹತ್ತು ನಿಮಿಷ ತಡವಾಗಿ ಬಂದವರಿಗೆ ಹಣ ವಾಪಸಿಲ್ಲ ಎಂದು ಟಿಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿತ್ತು.

ಕಾಲದಿಂದ ನಿಜವಾಗಿ ಬಿಡುಗಡೆ ಪಡೆದ ನಾರ್ವೆಯವರು ಇಬ್ಬರಿದ್ದರು, ಅವರಿಗೆ ಅದು ಹಿಡಿಸಲಿಲ್ಲ. ಫ್ರಿಡ್ಜಾಫ್ ನಾನ್ಸೆನ್ ಮತ್ತು ಯಾಲ್ಮರ್ ಯೊಹಾನ್ಸೆನ್ 1895ರಲ್ಲಿ ಉತ್ತರ ಧ್ರುವದತ್ತ ನಡೆದು, ಮುಟ್ಟಲಾಗದೆ ಹಿಂದಿರುಗುವಾಗ, ದಣಿವಿನಲ್ಲಿ ಇಬ್ಬರೂ ತಮ್ಮ ಗಡಿಯಾರಗಳಿಗೆ ಕೀಲಿ ಕೊಡಲು ಮರೆತರು. ಗಡಿಯಾರ ನಿಂತರೆ ರೇಖಾಂಶ ತಿಳಿಯದು, ರೇಖಾಂಶ ತಿಳಿಯದಿದ್ದರೆ ಹಿಮದ ಬಯಲಿನಲ್ಲಿ ತಾವೆಲ್ಲಿದ್ದೇವೆಂಬುದೇ ತಿಳಿಯದು. ಮುಳುಗದ ಸೂರ್ಯನ ಕೆಳಗೆ ಅವರು ತಿಂಗಳುಗಟ್ಟಲೆ ಅಂದಾಜಿನ ಮೇಲೆ ನಡೆದರು, ಕಯಾಕುಗಳನ್ನು ಜೋಡಿಸಿ ಕಟ್ಟಿಕೊಂಡು ತೇಲಿದರು. 1896ರ ಜೂನ್‌ನಲ್ಲಿ ಒಮ್ಮೆ ಆ ಕಯಾಕುಗಳು ಹಗ್ಗ ಬಿಚ್ಚಿಕೊಂಡು ಗಾಳಿಗೆ ಸರಿದುಹೋದಾಗ, ಅವುಗಳೊಂದಿಗೆ ಆಹಾರ, ಬಂದೂಕು ಎಲ್ಲವೂ ಹೋಗುವುದರಲ್ಲಿದ್ದುದರಿಂದ, ನಾನ್ಸೆನ್ ಹಿಮದ ನೀರಿಗೆ ಧುಮುಕಿ ಈಜಿ ಹಿಡಿದು ತಂದ. ಕೆಲವೇ ದಿನಗಳಲ್ಲಿ ವಾಲ್ರಸ್ ಎಂಬ ಭಾರೀ ಕಡಲಪ್ರಾಣಿಯೊಂದು ಬಂದು ಅವನ ಕಯಾಕಿಗೆ ಕೋರೆಯಿಂದ ತೂತು ಹಾಕಿತು. ಅವನಿಗೆ ಡ್ರೈಸೂಟ್ ಇರಲಿಲ್ಲ, ಬಿಸಿ ಕಾಫಿ ಮತ್ತು ದಾಲ್ಚಿನ್ನಿಯ ಬನ್ನು ಟಿಕೆಟ್ಟಿನಲ್ಲಿ ಸೇರಿರಲಿಲ್ಲ.

ಇಷ್ಟಾಗಿ ನಡುರಾತ್ರಿಯ ಸೂರ್ಯನನ್ನು ನೋಡಿದೆವೇ? ಇಲ್ಲ. ಜೂನ್ ಕೊನೆಯಲ್ಲಿ ಟ್ರೋಮ್ಸೊದ ಸೂರ್ಯ ನಡುರಾತ್ರಿಯಲ್ಲಿ ಬಡಗಣ ದಿಕ್ಕಿನ ಅಂಚಿನಿಂದ ಮೂರು ಡಿಗ್ರಿ ಮೇಲಿರುತ್ತಾನೆ, ಕೈ ನೀಡಿ ಹಿಡಿದರೆ ಎರಡು ಬೆರಳಿನಷ್ಟು ಎತ್ತರ. ನಮ್ಮ ಕೊಲ್ಲಿಯ ಬಡಗಣಕ್ಕೆ ಒಂದು ಬೆಟ್ಟವಿತ್ತು. ಬೆಟ್ಟದ ಮೇಲೆ ಮೋಡವಿತ್ತು. ಸಾಲದ್ದಕ್ಕೆ ಬೇಸಿಗೆಯ ಗಡಿಯಾರವನ್ನು ಮುಂದಕ್ಕೆ ತಿರುಗಿಸಿಟ್ಟಿರುವುದರಿಂದ ಅಲ್ಲಿ ಸೂರ್ಯನ ನಿಜವಾದ ನಡುರಾತ್ರಿ ಹನ್ನೆರಡು ಮುಕ್ಕಾಲಿಗೆ ಬರುತ್ತದೆ, ಅಷ್ಟು ಹೊತ್ತಿಗೆ ನಮ್ಮನ್ನು ದಡಕ್ಕೆ ತಿರುಗಿಸಿಯಾಗಿತ್ತು. ಕಂಡದ್ದು ಬೂದು ಬೆಳಕು, ಸೀಸದಂಥ ನೀರು, ಹುಟ್ಟಿನ ತುದಿಯಿಂದ ತೊಟ್ಟಿಕ್ಕುವ ಹನಿಗಳು ನೀರಿನ ಮೇಲೆ ಬರೆದ ಸಣ್ಣ ಸಣ್ಣ ಉಂಗುರಗಳು. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಒಂದು ಕ್ಷಣ ನಾನೂ ಮಾತು ಮರೆತೆ, ಅದು ನಿಗದಿತ ಐದು ನಿಮಿಷಗಳ ಹೊರಗೆ ಬಂದದ್ದರಿಂದ ಅದಕ್ಕೆ ಬೇರೆ ದರ ಹಾಕಲಿಲ್ಲ.

ಆ ಬೆಳಕಿಗೆ, ಆ ನೀರಿಗೆ ದುಡ್ಡು ಕೊಡಬೇಕಿರಲಿಲ್ಲ ಎಂಬುದನ್ನು ಅಳಿಯಂದಿರು ಆಮೇಲೆ ಸಂಕೋಚದಿಂದ ತಿಳಿಸಿದರು. ಊರ ಹೊರಗಿನ ಬಯಲು, ಕಾಡು, ಕಡಲಿನಲ್ಲಿ ಯಾರು ಬೇಕಾದರೂ ನಡೆಯಬಹುದು, ಹುಟ್ಟು ಹಾಕಬಹುದು, ಮನೆಗಳಿಂದ 150 ಮೀಟರ್ ದೂರವಿದ್ದರೆ ಡೇರೆ ಹೊಡೆದು ಮಲಗಬಹುದು ಎಂಬುದು ಅಲ್ಲಿ ಹಳೆಯ ರೂಢಿ, 1957ರಿಂದ ಕಾಯಿದೆ. ಸಕಲರಿಗೂ ಸೇರಿದ್ದನ್ನು ಸಕಲರಿಗೂ ಮಾರುವುದರಷ್ಟು ಲಾಭದ ವ್ಯಾಪಾರ ಇನ್ನೊಂದಿಲ್ಲ, ಬಂಡವಾಳವೇ ಬೇಡ. ಬೇಸಿಗೆಯಲ್ಲಿ ಬೆಳಕು ಮಾರಿದವರೇ ಚಳಿಗಾಲದಲ್ಲಿ ಧ್ರುವಪ್ರಭೆಯ ಹೆಸರಿನಲ್ಲಿ ಕತ್ತಲನ್ನು ಮಾರುತ್ತಾರೆ.

ನಾವು ಬೆಂಗಳೂರಿಗೆ ಹಿಂದಿರುಗಿದ ಮರುತಿಂಗಳು ಆ ಉತ್ತರ ದೇಶಗಳಲ್ಲಿ ಏನಾಯಿತೆಂಬುದನ್ನು ಪುರವಣಿಯ ಪುಟ ಬರೆದವರು ಓದಿರಲಾರರು. 2025ರ ಜುಲೈ ನಡುವಿನಿಂದ, ಭಾವನವರ ರಾಹುಕಾಲದ ಆಸುಪಾಸಿನಲ್ಲೇ, ಫಿನ್‌ಲೆಂಡಿನಲ್ಲಿ ಸತತ 22 ದಿನ ಉಷ್ಣಾಂಶ 30 ಡಿಗ್ರಿಯ ಮೇಲೆ ಹೋಯಿತು. ಹಿಮಸಾರಂಗಗಳು ನೆರಳು ಹುಡುಕಿಕೊಂಡು ಊರಿನೊಳಗೆ ಬಂದವು. ಚಳಿಯನ್ನೇ ನಂಬಿ ಕಟ್ಟಿದ ಮನೆಗಳಲ್ಲಿ ಜನ ಬೆಂದರು. ಮನುಷ್ಯರು ಸುಟ್ಟ ಇಂಧನದಿಂದಾಗಿ ಆ ಬಿಸಿಗಾಳಿ ಎರಡು ಡಿಗ್ರಿಯಷ್ಟು ಹೆಚ್ಚಿತ್ತೆಂದು ವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದರು. ತೈಲ ಮತ್ತು ಅನಿಲ ಮಾರಿ ಶ್ರೀಮಂತವಾದ ದೇಶವೊಂದು ಈಗ ತಂಪನ್ನು ಮಾರುತ್ತಿದೆ, ನಾವು ಆ ತೈಲವನ್ನೇ ಸುಡುವ ವಿಮಾನ ಹತ್ತಿ ಆ ತಂಪನ್ನು ಕೊಳ್ಳಲು ಹೋಗುತ್ತಿದ್ದೇವೆ. ಇದರಲ್ಲಿ ನಗುವಂಥದ್ದೇನೂ ನನಗೆ ಕಾಣುತ್ತಿಲ್ಲ. ಹೋದವನು ನಾನೇ, ಎರಡು ವಿಮಾನ ಬದಲಿಸಿ, ಹೆಂಡತಿಯನ್ನೂ ಕರೆದುಕೊಂಡು. ಬಿಸಿಲಿನಿಂದ ಓಡಿಹೋಗಲು ಹಣವಿರುವವರಿಗೆ ಓಡುವುದಕ್ಕೊಂದು ಚಂದದ ಹೆಸರು ಸಿಕ್ಕಿದೆ; ಓಡಲಾಗದವರು ಬಳ್ಳಾರಿಯಲ್ಲಿ, ರಾಯಚೂರಿನಲ್ಲಿ, ಏಪ್ರಿಲ್ ಮಧ್ಯಾಹ್ನದಲ್ಲಿ ರಸ್ತೆಗೆ ಡಾಂಬರು ಹಾಕುತ್ತಿರುತ್ತಾರೆ. ಅವರಿಗೆ ಪುರವಣಿಯಲ್ಲಿ ಪುಟವಿಲ್ಲ.

ಒಂದೂವರೆಗೆ ಹೊಟೇಲಿಗೆ ಬಂದಾಗ ಮುಂಬಾಗಿಲಿನವರು 'ಶುಭರಾತ್ರಿ' ಎಂದರು, ಹೊರಗೆ ಕಡಲಕಾಗೆಗಳು ಬೆಳಗಿನ ಹೊತ್ತಿನಂತೆ ಕಿರುಚುತ್ತಿದ್ದವು. ಕೋಣೆಯ ಕಿಟಕಿಗೆ ದಪ್ಪ ಕಪ್ಪು ಪರದೆಯಿತ್ತು. ಅದನ್ನು ಎಳೆದು ರಾತ್ರಿಯನ್ನು ನಾವೇ ಮಾಡಿಕೊಳ್ಳಬೇಕು. ಎಳೆದೆ. ಅಂಚಿನಲ್ಲಿ ಒಂದು ಬೆರಳಗಲ ಬೆಳಕು ಉಳಿದೇ ಉಳಿಯಿತು, ಅದಕ್ಕೆ ನಮ್ಮಾಕೆ ತನ್ನ ಶಾಲನ್ನು ತುರುಕಿದಳು. ಅಷ್ಟರಲ್ಲಿ ಮೊಬೈಲು ಮಿನುಗಿತು. ವಿಹಾರದ ಕಂಪನಿಯವರ ಸಂದೇಶ: ನಿಮ್ಮ ಸಂಜೆ ಹೇಗಿತ್ತು, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?

"ಒಂದೂ ಕಾಣಿಸಲಿಲ್ಲ ಅಂತ ಬರೀರಿ" ಎಂದು ಆಕೆ ಗೋಡೆಯ ಕಡೆ ಹೊರಳಿ ಮಲಗಿದಳು.